ಅಡ್ಡಿ ಇಜ್ಜಿ ಎಂಬ ಕೈಸನ್ನೆ

ನನ್ನ ಹೆಂಡತಿ ಕೈ ಆಡಿಸಿದ್ದು ನಿಜ. ಅಂಗೈ ಕೆಳಮುಖ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ತೊಟ್ಟಿಲು ತೂಗಿದ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ. ಇಷ್ಟರ ಮಟ್ಟಿಗೆ ನಾನು, ಅವಳು, ನಮ್ಮನ್ನು ಸಮುದ್ರಕ್ಕಿಳಿಸಿದ ಶಿಕ್ಷಕಿ, ಮೂವರೂ ಒಪ್ಪುತ್ತೇವೆ. ಅಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು ಕಥೆ.

ಕಥೆಗಳು ಬೇರೆಬೇರೆಯಾಗುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ಅಬುಧಾಬಿಯ ಒಂದು ವಿಮಾ ಕಚೇರಿಯಲ್ಲಿ ಕಾರು ಅಪಘಾತದ ಹೇಳಿಕೆಗಳನ್ನು ಓದುವುದೇ ನನ್ನ ಕೆಲಸವಾಗಿತ್ತು. ಇಬ್ಬರು ಚಾಲಕರು, ಒಂದೇ ತಿರುವು, ಇಬ್ಬರಿಗೂ ಹಸಿರು ದೀಪ. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಮೈಸೂರಿನಲ್ಲಿ ಇತಿಹಾಸ ಓದುವಾಗ ಸಾಕ್ಷ್ಯ ಎನ್ನುವ ಪದ ಬಹಳ ದೊಡ್ಡದಾಗಿ ಕೇಳಿಸುತ್ತಿತ್ತು. ಇಲ್ಲಿ ಅದು ಬಂಪರಿನ ಮೇಲಿನ ಗೀರಿನಷ್ಟಕ್ಕೆ ಇಳಿದಿತ್ತು. ಈಗ ದಿನಚರಿ ಬರೆಯುತ್ತೇನೆ, ಬರೆದದ್ದನ್ನು ಪೂರ್ತಿ ನಂಬುವುದಿಲ್ಲ. ನಂಬದಿದ್ದರೆ ಬರೆಯುವುದೇಕೆ ಎಂದು ಅವಳು ಕೇಳುತ್ತಾಳೆ. ಅಭ್ಯಾಸ ಇರಬೇಕು.

ನಮ್ಮ ಮನೆ ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ, ಕೆಲಸ ಅಬುಧಾಬಿಯಲ್ಲಿ. ಬೆಳಿಗ್ಗೆ ಹೋಗುವಾಗ ಸಮುದ್ರ ಬಲಕ್ಕೆ, ಸಂಜೆ ಬರುವಾಗ ಎಡಕ್ಕೆ. ಹೆದ್ದಾರಿಯಿಂದ ಅದು ಕಾಣುವುದಿಲ್ಲ. ಬೇಲಿ, ಗೋದಾಮು, ಮರಳು, ಮತ್ತೆ ಬೇಲಿ. ಆ ದಾರಿಯ ಬಹುಪಾಲನ್ನು ನಾನು ಕಂಪನಿಯ ವ್ಯಾನಿನ ಕಿಟಕಿಗೆ ತಲೆಯಾನಿಸಿ ನಿದ್ದೆಯಲ್ಲೇ ಕಳೆದಿದ್ದೇನೆ. ಆ ಬೇಲಿಗಳ ಆಚೆ, ದಡದಿಂದ ತುಸು ದೂರದಲ್ಲಿ ಹವಳದ ದಿಬ್ಬವೊಂದಿದೆ; ಅದು ರಕ್ಷಿತ ಪ್ರದೇಶ, ಅಲ್ಲಿ ಬಲೆ ಬೀಸುವಂತಿಲ್ಲ, ಪರವಾನಗಿ ಇಲ್ಲದೆ ಇಳಿಯುವಂತಿಲ್ಲ. ಇದು ನನಗೆ ಗೊತ್ತಾದದ್ದು ದೇಶ ಬಿಡುವ ಹೊತ್ತಿಗೆ. ಅದೂ ಅವಳು ಹೇಳಿ.

ನನ್ನ ವಿಭಾಗವನ್ನು ಕಂಪನಿ ಮುಚ್ಚಿತ್ತು. ಬೇಸಿಗೆ ಏರುವ ಮುಂಚೆ ವೀಸಾ ಕ್ಯಾನ್ಸಲ್ ಆಗಿ ಮೈಸೂರಿಗೆ ಹೋಗುವುದು ಖಚಿತವಾಗಿತ್ತು. ಅವಳು ಇಲ್ಲಿನ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಅದನ್ನೂ ಬಿಟ್ಟಿದ್ದಳು. ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಒಂದು ಮಧ್ಯಾಹ್ನ ಮಿಕ್ಸಿಯನ್ನು ಹಳೆಯ ಸೀರೆಯಲ್ಲಿ ಸುತ್ತುತ್ತ ಅವಳು ಹೇಳಿದಳು:

"ಒಮ್ಮೆ ಸಮುದ್ರದ ಒಳಗೆ ಎಂತ ಉಂಟು ಅಂತ ನೋಡಿ ಹೋಗುವ ಮಾರಾಯ್ರೆ. ಮೈಸೂರಲ್ಲಿ ಎಂತ ಉಂಟು ನಿಮ್ಮದು, ಕೆರೆ."

"ನಿಂಗೆ ಸಮುದ್ರ ಹೊಸದಾ? ಹುಟ್ಟಿದ್ದೇ ಅಲ್ಲಿ ಅಲ್ವೇನೆ."

"ಹುಟ್ಟಿದ್ದು ಹೌದು. ಮೊಣಕಾಲಿಂದ ಮೇಲೆ ನೀರು ತಾಗ್ಲಿಕ್ಕೆ ಬಿಟ್ಟವರು ಯಾರು? ಅಣ್ಣಂದಿರು ಈಜುವಾಗ ಅವರ ಬಟ್ಟೆ ಕಾಯ್ಲಿಕ್ಕೆ ನಾನು."

ಅವಳು ಉಡುಪಿ ಕಡೆಯವಳು, ಮನೆಮಾತು ತುಳು. ಸಮುದ್ರ ಮನೆಯ ಹಿತ್ತಲಿನ ಹಾಗೆ. ಅದರೊಳಗೆ ಇಳಿಯದೆಯೇ ಐವತ್ತು ದಾಟಿದ್ದಳು. ಇದು ಹುಡುಗಾಟದ ಆಸೆಯಲ್ಲ ಎಂದು ನನಗೆ ಆಗಲೇ ಅರ್ಥವಾಯಿತೆಂದು ಬರೆಯಬೇಕೆನಿಸುತ್ತದೆ. ಆದರೆ ಆಗ ನನಗೆ ಅನಿಸಿದ್ದು ಬಹುಶಃ ಒಂದೇ: ಇನ್ನೊಂದು ಕೆಲಸ, ಇನ್ನೊಂದು ಓಡಾಟ.

ಕೊಳದಲ್ಲಿ ಡೈವಿಂಗ್ ಕಲಿಯುವ ತರಗತಿ ಶುರುವಾಯಿತು. ನೀರಿನಡಿ ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ ಬೇಕು, ಅವನು ಅವಳ ಮೇಲೆ ಕಣ್ಣಿಡಬೇಕು, ಅವಳು ಅವನ ಮೇಲೆ. ಇಂಗ್ಲಿಷಿನಲ್ಲಿ ಅವನಿಗೆ ಬಡ್ಡಿ ಎನ್ನುತ್ತಾರೆ. ನನಗೆ ಇದೆಲ್ಲ ಆಗುವುದಿಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. ಕಾಲೇಜಿನ ರಜೆಯಲ್ಲಿದ್ದ ಮಗಳು ಫೋನಿನಿಂದ ತಲೆಯೆತ್ತದೆ ಅಂದಳು: "ಅಪ್ಪಾ, ಜಸ್ಟ್ ಗೋ. ಶಿ ನೀಡ್ಸ್ ಅ ಬಡ್ಡಿ."

"ಕೇಳಿದ್ರಾ," ಎಂದಳು ಹೆಂಡತಿ. "ಅಸಲು ನಾನು, ಬಡ್ಡಿ ನೀವು. ಇಷ್ಟು ವರ್ಷದಲ್ಲಿ ಬೆಳೆದದ್ದು ಹೊಟ್ಟೆ ಮಾತ್ರ."

ಕೊಳದಲ್ಲಿ ಅವಳು ನನಗಿಂತ ಬೇಗ ಕಲಿತಳು. ನನಗೆ ಮೂಗಿನ ಮೇಲೆ ಮಾಸ್ಕ್ ಕೂತರೆ ಉಸಿರೇ ನಿಂತ ಹಾಗಾಗುತ್ತಿತ್ತು. ಹೇಗೋ ಮುಗಿಸಿದೆ. ದಿಬ್ಬಕ್ಕೆ ಹೋಗುವ ದೋಣಿಗೆ ಪರವಾನಗಿ ಸಿಕ್ಕಿದ್ದು ಒಂದೇ ದಿನಕ್ಕೆ. ಅದರ ನಂತರ ನೀರು ಕಾಯುತ್ತದೆ, ಹವಳ ಬೆಳ್ಳಗಾಗತೊಡಗುತ್ತದೆ, ಜನರನ್ನು ಬಿಡುವುದಿಲ್ಲ ಎಂದು ಶಿಕ್ಷಕಿ ಹೇಳಿದಳು. ಮಳೆಗಾಲ ಕಳೆದು ಮತ್ತೆ ಬಿಡುವ ಹೊತ್ತಿಗೆ ನಾವು ಇಲ್ಲಿರುವುದಿಲ್ಲ. ಮಳೆಗಾಲ ಎಂದು ಬರೆದುಬಿಟ್ಟೆ ನೋಡಿ. ಈ ದೇಶಕ್ಕೆ ಅದು ಇಲ್ಲ. ಇಷ್ಟು ವರ್ಷ ಕಳೆದರೂ ನನ್ನ ಲೆಕ್ಕದ ವರ್ಷ ಊರಿನದೇ.

ಆ ದಿನ ಜೆಟ್ಟಿಯಲ್ಲಿ ನಾವು ನಾಲ್ಕೇ ಜನ. ನಾವಿಬ್ಬರು, ಲೆಬನಾನಿನವಳಾದ ಶಿಕ್ಷಕಿ, ದೋಣಿ ನಡೆಸುವ ಕೇರಳದ ಕಪ್ತಾನ. ಶಿಕ್ಷಕಿ ನನ್ನ ಕೈ ನೋಡಿ, ಬೆರಳಲ್ಲಿರುವ ಕೆಂಪು ಕಲ್ಲು ಯಾವುದು ಎಂದು ಕೇಳಿದಳು. ಹವಳ, ಎಂದೆ. ಕುಜದೋಷಕ್ಕೆಂದು ಅಮ್ಮ ತೊಡಿಸಿದ ಉಂಗುರ. ಅದನ್ನು ಇಂಗ್ಲಿಷಿನಲ್ಲಿ ವಿವರಿಸುವುದು ನನ್ನಿಂದಾಗಲಿಲ್ಲ, ಮಂಗಳ ಗ್ರಹದ ಸಮಾಧಾನಕ್ಕೆ ಎಂದೇನೋ ಹೇಳಿದೆ. ಅವಳು ತುಂಬ ಹೊತ್ತು ನನ್ನನ್ನೇ ನೋಡಿದಳು. "ಹವಳವನ್ನು ಮುಟ್ಟಬಾರದು ಅಂತ ಮೊದಲ ಪಾಠದಲ್ಲೇ ಹೇಳಿದ್ದೆ. ನೀವು ತೊಟ್ಟುಕೊಂಡೇ ಬಂದಿದ್ದೀರಿ. ದಯವಿಟ್ಟು ಚೀಲದೊಳಗೆ ಇಡಿ."

ದಿಬ್ಬದ ಹತ್ತಿರ ಲಂಗರು ಹಾಕುವಂತಿಲ್ಲ. ತೇಲುವ ಹಳದಿ ಬುರುಡೆಯೊಂದಕ್ಕೆ ಕಪ್ತಾನ ದೋಣಿಯನ್ನು ಕಟ್ಟಿದ. ಶಿಕ್ಷಕಿ ಕೈಸನ್ನೆಗಳನ್ನು ಇನ್ನೊಮ್ಮೆ ತೋರಿಸಿದಳು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿ. ಹೆಬ್ಬೆರಳು ಮೇಲೆತ್ತಿದರೆ ಮೇಲಕ್ಕೆ ಹೋಗೋಣ. ಅದನ್ನು ಯಾರೇ ತೋರಿಸಲಿ, ಪ್ರಶ್ನೆ ಕೇಳುವಂತಿಲ್ಲ, ಎಲ್ಲರೂ ಏರಲೇಬೇಕು. ಅಂಗೈ ಕೆಳಗೆ ಮಾಡಿ ಆ ಕಡೆ ಈ ಕಡೆ ಆಡಿಸಿದರೆ, ಏನೋ ತೊಂದರೆಯಾಗಿದೆ.

ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು: "ಇದು ನಮ್ಮ ಅಪ್ಪನ ಅಡ್ಡಿ ಇಜ್ಜಿ ಅಲ್ವಾ?"

ಇಬ್ಬರಿಗೂ ನಗು ಬಂತು. ಅಡ್ಡಿ ಇಜ್ಜಿ ಅಂದರೆ ತುಳುವಿನಲ್ಲಿ ಅಡ್ಡಿ ಇಲ್ಲ. ಅವಳ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮೀನು ಸಾರು ಹೇಗಾಗಿದೆ ಎಂದು ಅತ್ತೆ ಕೇಳಿದರೆ ಮಾವ ಬಾಯಿ ಬಿಡುತ್ತಿರಲಿಲ್ಲ, ಎಡಗೈಯನ್ನು ಹೀಗೆ ಎರಡು ಸಲ ತೂಗುತ್ತಿದ್ದರು. ಅತ್ತೆ ಅಷ್ಟಕ್ಕೇ ಅರಳುತ್ತಿದ್ದರು. ನಾನು ಹೆಣ್ಣು ನೋಡಲು ಹೋದಾಗಲೂ ಅವರು ಮಗಳ ಕಡೆ ತಿರುಗಿ ಅದನ್ನೇ ಮಾಡಿದ್ದರು. ನಮ್ಮ ಕಡೆ ಅದಕ್ಕೆ ಅರ್ಥ ಅಷ್ಟಕ್ಕಷ್ಟೇ ಎಂದು. ನನ್ನನ್ನು ಬೇಡವೆಂದರು ಎಂದುಕೊಂಡು ಮೈಸೂರಿನ ಬಸ್ಸು ಹತ್ತಿದ್ದೆ. ಮರುದಿನ ಒಪ್ಪಿಗೆಯ ಫೋನು ಬಂತು.

ನೀರಿಗೆ ಇಳಿದೆವು. ಮೇಲಿನ ಬಿಸಿಲು, ಡೀಸೆಲ್ ವಾಸನೆ, ಕಪ್ತಾನನ ರೇಡಿಯೋ ಎಲ್ಲ ಒಟ್ಟಿಗೆ ಆರಿಹೋದವು. ಚಿತ್ರಗಳಲ್ಲಿ ಕಾಣುವ ನೀಲಿ ಅಲ್ಲಿರಲಿಲ್ಲ. ಹಾಲು ಬೆರೆಸಿದ ಹಾಗಿನ ಹಸಿರು ನೀರು, ಕೈಚಾಚಿದಷ್ಟು ದೂರ ಸ್ಪಷ್ಟ, ಆಮೇಲೆ ಮಸುಕು. ನನ್ನ ಉಸಿರಿನ ಸದ್ದೇ ನನ್ನ ಕಿವಿಗೆ ರುಬ್ಬುವ ಯಂತ್ರದಂತೆ ಕೇಳುತ್ತಿತ್ತು. ಎಡಗಿವಿ ನೋಯತೊಡಗಿತ್ತು. ಕೆಳಗೆ ಏನೋ ಕಪ್ಪಾಗಿ ಉಬ್ಬಿದಂತೆ ಕಂಡಿತು. ದಿಬ್ಬ ಅದೇ ಇರಬೇಕು. ಅವಳು ನನಗಿಂತ ಸ್ವಲ್ಪ ಕೆಳಗೆ, ಶಿಕ್ಷಕಿ ಇನ್ನೂ ಮುಂದೆ.

ನಾನು ಉಂಗುರದ ಸನ್ನೆ ಮಾಡಿ ಅವಳನ್ನು ಕೇಳಿದೆ: ಎಲ್ಲ ಸರಿಯಾ?

ಅವಳು ತಿರುಗಿ ಕೈ ಆಡಿಸಿದಳು.

ನಾನು ಹೆಬ್ಬೆರಳು ಎತ್ತಿದೆ. ಶಿಕ್ಷಕಿ ನೋಡಿದಳು, ಅವಳೂ ಎತ್ತಿದಳು. ಹೆಂಡತಿ ತಲೆ ಅಲ್ಲಾಡಿಸಿದಳು, ಮತ್ತೆ ಕೈ ಆಡಿಸಿದಳು, ಇನ್ನೂ ಜೋರಾಗಿ. ಅದು ಇನ್ನೂ ಕೆಟ್ಟದಾಗಿ ಕಂಡಿತು. ಶಿಕ್ಷಕಿ ಅವಳ ತೋಳು ಹಿಡಿದು ನಿಧಾನವಾಗಿ ಮೇಲಕ್ಕೆ ತಂದಳು.

ದೋಣಿಗೆ ಹತ್ತಿ ಉಸಿರಾಟದ ನಳಿಗೆಯ ರಬ್ಬರನ್ನು ಬಾಯಿಂದ ತೆಗೆದದ್ದೇ ಹೆಂಡತಿ ಕೇಳಿದಳು: "ಎಂತದು ನಿಮ್ಮದು?"

"ನೀನೇ ಅಲ್ವೇನೆ ತೊಂದರೆ ಅಂತ ತೋರಿಸಿದ್ದು."

"ತೊಂದರೆ ಅಂತ ಅಲ್ಲ. ನಾನು ಅಡ್ಡಿ ಇಜ್ಜಿ ಅಂತ ಹೇಳಿದ್ದು."

"ಈಗ ತಾನೇ ಅದರ ಅರ್ಥ ಹೇಳಿಕೊಟ್ಟಿದ್ದಾರೆ."

"ಹೌದು. ಆದ್ರೆ ನೀವು ಕೇಳಿದ್ದು ನನ್ನ ಹತ್ರ. ಶಿಕ್ಷಕಿ ಕೇಳಿದ್ರೆ ಸರಿಯಾಗಿಯೇ ಮಾಡ್ತಿದ್ದೆ. ಹೇಗುಂಟು ಅಂತ ಗಂಡ ಕೇಳಿದ್ರೆ ಕೈ ಅದರಷ್ಟಕ್ಕೇ ಹೋಗ್ತದೆ."

ಶಿಕ್ಷಕಿಗೆ ಇದನ್ನು ಹೇಗೆ ವಿವರಿಸುವುದು? ನಾನು ಪ್ರಯತ್ನಿಸಿದೆ. ಅವಳು ನಗಲಿಲ್ಲ. ಗಾಳಿ ತುಂಬಿದ ಬೇರೆ ಸಿಲಿಂಡರ್‌ಗಳು ಇದ್ದವು, ಸ್ವಲ್ಪ ವಿಶ್ರಾಂತಿಯ ನಂತರ ಇನ್ನೊಮ್ಮೆ ಇಳಿಯಬಹುದಿತ್ತು. ಆದರೆ ನೀರಿನಡಿ ಗಾಬರಿಯಾದವರನ್ನು ಅದೇ ದಿನ ಮತ್ತೆ ಇಳಿಸುವುದಿಲ್ಲ ಎಂದಳು. ಗಾಬರಿಯಾದವರು ಗಾಬರಿಯಾಗಲಿಲ್ಲ ಎಂದೇ ಹೇಳುತ್ತಾರಂತೆ. ಕಪ್ತಾನ ಆಕಾಶ ನೋಡಿ ಹಿಂದಿಯಲ್ಲಿ, "ಹವಾ ಏಳ್ತಾ ಇದೆ ಸಾಬ್, ಇವತ್ತಿಗೆ ಖಲಾಸ್," ಎಂದು ಹಗ್ಗಕ್ಕೆ ಕೈ ಹಾಕಿದ.

ಹೆಂಡತಿ ದೋಣಿಯ ಅಂಚಿನಲ್ಲಿ ಕೂತು, ಕೂದಲಿನ ನೀರು ಹಿಂಡುತ್ತ, ಈಗಷ್ಟೇ ಬಿಟ್ಟುಬಂದ ನೀರನ್ನು ನೋಡುತ್ತಿದ್ದಳು. ಅವಳು ವಾದಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಶಿಕ್ಷಕಿ ನನ್ನ ಕಡೆ ತಿರುಗಿದಳು. "ನೀವು ಅವಳ ಬಡ್ಡಿ. ಹತ್ತಿರದಿಂದ ನೋಡಿದ್ದು ನೀವು. ನಿಜ ಹೇಳಿ. ಉಸಿರು ಜೋರಾಗಿತ್ತೆ? ಕಣ್ಣು ಹೇಗಿತ್ತು? ಅವಳು ಹೆದರಿದ್ದಳೆ?"

ಕಚೇರಿಯಿಂದ ಎಷ್ಟು ಜನರಿಗೆ ಇಂಥ ಪ್ರಶ್ನೆಗಳನ್ನು ನಾನೇ ಬರೆದು ಕಳಿಸಿಲ್ಲ! ನೆನಪಿಸಿಕೊಳ್ಳಲು ನೋಡಿದೆ. ಆಗಿ ಹತ್ತು ನಿಮಿಷವೂ ಕಳೆದಿರಲಿಲ್ಲ. ಗುಳ್ಳೆಗಳು ದಟ್ಟವಾಗಿದ್ದವು; ಅವು ಅವಳವೋ ನನ್ನವೋ? ಕಣ್ಣುಗಳು ಅಗಲವಾಗಿದ್ದವು, ಮಾಸ್ಕಿನೊಳಗೆ ಯಾರ ಕಣ್ಣೂ ಅಗಲವಾಗಿಯೇ ಕಾಣುತ್ತದೆ. ಹೆಬ್ಬೆರಳು ಎತ್ತುವ ಮುಂಚೆ ನನ್ನ ಮನಸ್ಸಿನಲ್ಲಿ ಅವಳ ಬಗ್ಗೆ ಭಯವಿತ್ತೋ, ಸಾಕಪ್ಪಾ ಮೇಲೆ ಹೋಗೋಣ ಎನ್ನುವ ಆಯಾಸವಿತ್ತೋ, ಅದನ್ನೂ ಬೇರೆ ಮಾಡಲಾಗಲಿಲ್ಲ. ಹೆದರಿದ್ದಳು ಎಂದರೆ ಅವಳು ಸಮುದ್ರದ ಒಳಗನ್ನು ನೋಡದೆ ಊರಿಗೆ ಹೋಗುತ್ತಾಳೆ. ಹೆದರಿರಲಿಲ್ಲ ಎಂದು, ನಿಜಕ್ಕೂ ಹೆದರಿದ್ದವಳನ್ನು ಕೆಳಗೆ ಕಳಿಸಿದರೆ?

ನನಗೆ ನೆನಪಿಲ್ಲ ಎನ್ನುವುದು ಪ್ರಾಮಾಣಿಕ ಉತ್ತರ. ಆದರೆ ಆ ದೋಣಿಯಲ್ಲಿ ನೆನಪಿಲ್ಲ ಎಂದರೂ ಬೇಡ ಎಂದೇ ಅರ್ಥ.

"ಅವಳು ಚೆನ್ನಾಗಿದ್ದಳು," ಎಂದೆ. "ನಾನು ತಪ್ಪಾಗಿ ಓದಿದೆ."

ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಅದು ಕೃತಜ್ಞತೆಯ ನೋಟವಾಗಿರಲಿಲ್ಲ. ಮಗಳು ಪರೀಕ್ಷೆ ಸುಲಭವಿತ್ತು ಎಂದಾಗ ನೋಡುತ್ತಾಳಲ್ಲ, ಆ ನೋಟ.

ಶಿಕ್ಷಕಿ ಅವಳ ಎದುರು ಕೂತು ಎಲ್ಲ ಸನ್ನೆಗಳನ್ನೂ ಮೊದಲಿನಿಂದ ಕೇಳಿದಳು. ಒಂದೂ ತಪ್ಪಲಿಲ್ಲ. ನಾಡಿ ಹಿಡಿದು ನೋಡಿದಳು. ನೀರು ಕುಡಿಸಿ ಸ್ವಲ್ಪ ಹೊತ್ತು ಕೂರಿಸಿದಳು. ಆಮೇಲೆ ಕಪ್ತಾನನಿಗೆ ಅರಬಿಯಲ್ಲಿ ಏನೋ ಹೇಳಿದಳು. ಅವನು ಹಗ್ಗ ಬಿಟ್ಟು ಕೂತ. ಹೆಂಡತಿಗೆ ಅಂದಳು: "ಸ್ವಲ್ಪವೇ ಹೊತ್ತು. ನನ್ನ ಕೈ ಬಿಡುವಂತಿಲ್ಲ. ಯಲ್ಲಾ, ಹೊರಡಿ."

"ನೀವು?" ಎಂದು ಹೆಂಡತಿ ಕೇಳಿದಳು.

"ಕಿವಿ ನೋಯ್ತಿದೆ ಕಣೇ. ನೀನು ಹೋಗಿ ಬಾ."

ಕಿವಿ ನೋಯುತ್ತಿದ್ದದ್ದು ಸುಳ್ಳಲ್ಲ. ಆದರೆ ನೋಯದಿದ್ದರೂ ನಾನು ಇಳಿಯುತ್ತಿರಲಿಲ್ಲವೇನೋ. ಆ ದಿನದ ಆಯಾಸ ಒಂದೇ ಅಲ್ಲ, ಎಷ್ಟೋ ವರ್ಷದ ವ್ಯಾನಿನ ನಿದ್ದೆಯೆಲ್ಲ ಒಮ್ಮೆಲೇ ಬಂದು ಕೂತ ಹಾಗಿತ್ತು.

ಅವರಿಬ್ಬರೂ ಮುಳುಗಿದರು. ನಾನು ಗುಳ್ಳೆಗಳನ್ನು ನೋಡುತ್ತ ಕೂತೆ. ಮೊದಮೊದಲು ಎರಡು ಕಡೆ ಏಳುತ್ತಿದ್ದವು, ಅಕ್ಕಪಕ್ಕ. ಗಾಳಿ ಏರಿದಂತೆ ನೀರೆಲ್ಲ ಬಿಳಿ ಚುಕ್ಕೆಯಾಯಿತು, ಯಾವುದು ಉಸಿರು ಯಾವುದು ಅಲೆ ತಿಳಿಯದಾಯಿತು. ಕಪ್ತಾನ ಒಂದು ಕಪ್ಪು ಚಹಾ ಕೊಟ್ಟ. ನಿಮ್ಮ ಬೀವಿಗೆ ಧೈರ್ಯ ಉಂಟು ಸಾಬ್, ಎಂದ. ಹೌದು ಎಂದೆ. ಅವಳು ಹೆದರಿದ್ದಳೆ ಎಂಬ ಪ್ರಶ್ನೆಯನ್ನು ನಾನು ಮತ್ತೆ ಕೇಳಿಕೊಂಡೆ, ಪ್ರತಿ ಸಲವೂ ಅವಳ ಕಣ್ಣು ಇನ್ನಷ್ಟು ಅಗಲವಾಗಿ ನೆನಪಾಯಿತು. ಕೊನೆಗೆ ಅವಳು ಕೂಗುತ್ತಿದ್ದಂತೆಯೇ ನೆನಪಾಗತೊಡಗಿತು. ನೀರಿನೊಳಗೆ ರಬ್ಬರ್ ಕಚ್ಚಿಕೊಂಡು ಯಾರೂ ಕೂಗುವುದಿಲ್ಲ ಎಂದು ನನಗೇ ನಾನು ಹೇಳಿಕೊಳ್ಳಬೇಕಾಯಿತು. ಚಹಾ ಕೈಯಲ್ಲೇ ಆರಿತು.

ಅವರು ದೋಣಿಯ ಇನ್ನೊಂದು ಬದಿಯಲ್ಲಿ ಎದ್ದರು, ನಾನು ನೋಡದಿದ್ದ ಕಡೆ. ಮೊದಲು ಕೇಳಿದ್ದು ಅವಳ ಕೆಮ್ಮು. ನಾನೂ ಕಪ್ತಾನನೂ ಸಿಲಿಂಡರ್ ಸಮೇತ ಅವಳನ್ನು ಎಳೆದುಕೊಂಡೆವು. ಮುಖದ ಮೇಲೆ ಮಾಸ್ಕಿನ ಗುರುತು ಕೆಂಪಾಗಿ ಕೂತಿತ್ತು. ಶಿಕ್ಷಕಿ ನನಗೆ ಬೆರಳಿನ ಉಂಗುರ ತೋರಿಸಿದಳು, ಎಲ್ಲ ಸರಿ ಎಂದು. ಹೆಂಡತಿ ಟವೆಲು ಹೊದ್ದು, ದಿಬ್ಬದ ಕಡೆಗೇ ಮುಖ ಮಾಡಿ ಕೂತಳು.

ಕಾರಿನಲ್ಲಿ ಎಸಿ ಹಾಕಿದ ಮೇಲೆ ಅವಳಾಗಿಯೇ ಶುರುಮಾಡಿದಳು.

"ಹೆಚ್ಚು ಎಂತ ಇಲ್ಲ ಮಾರಾಯ್ರೆ. ಬೂದಿ ಬಣ್ಣ. ಸತ್ತದ್ದೇ ಜಾಸ್ತಿ, ಮುರಿದ ಸುಣ್ಣದ ಗೋಡೆ ಹಾಗೆ. ಒಂದು ಕಡೆ ಮಾತ್ರ ಜೀವ ಉಂಟು. ಹೂಕೋಸಿನ ಹಾಗೆ ಉರುಟು, ಕಂದು ಬಣ್ಣ. ಅದರೊಳಗೆ ಒಂದು ಸಣ್ಣ ಕರಿ ಮೀನು, ನನ್ನ ಹೆಬ್ಬೆರಳಷ್ಟು. ನನ್ನನ್ನು ಓಡಿಸ್ಲಿಕ್ಕೆ ಬಂತು. ಸೀದಾ ಮಾಸ್ಕಿಗೆ. ಅದರ ಮನೆ ಅಲ್ವಾ, ಯಾರಾದ್ರೂ ಖಾಲಿ ಮಾಡಿಸ್ಲಿಕ್ಕೆ ಬಂದರು ಅಂತ ಗ್ರಹಿಸಿರಬೇಕು. ಮತ್ತೆ ಒಂದು ಹಮೂರ್, ನಾವು ಇಲ್ಲಿ ಮಾರ್ಕೆಟಿಂದ ತರುವ ಮೀನು. ಬಂಡೆಯ ಅಡಿಯಲ್ಲಿ ಬಾಯಿ ತೆರೆದು ಕೂತದ್ದು."

"ಸಾರು ನೆನಪಾಯ್ತಾ?"

"ಇಲ್ಲ. ಇಷ್ಟು ವರ್ಷ ತುಂಡು ಮಾಡಿದ್ದು ಇದನ್ನೇ ಅಂತ ನೆನಪಾಯ್ತು. ಅದು ನನ್ನ ಮುಖವನ್ನೇ ನೋಡ್ತಿತ್ತು, ಗುರುತಿದ್ದವರ ಹಾಗೆ."

ಎಸಿಯ ಗಾಳಿಯನ್ನು ಆಚೆ ತಿರುಗಿಸಿ ಕೇಳಿದಳು: "ಅವರ ಹತ್ರ ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದ್ರಿ, ನಾನು ಚೆನ್ನಾಗಿದ್ದೆ ಅಂತ?"

"ಗೊತ್ತಿಲ್ಲ ಕಣೇ. ನೀನು ಹೆದರಿದ್ಯಾ?"

"ಸ್ವಲ್ಪ. ಎದೆ ಹೊಡ್ಕೊಳ್ತಿತ್ತು. ಆದ್ರೆ ಕೈ ಆಡಿಸಿದ್ದು ಅದಕ್ಕಲ್ಲ."

"ಮತ್ತೆ ನನ್ನ ಕಣ್ಣಿಗೆ ಕಂಡದ್ದು?"

"ಅದೂ ಇರಬಹುದು. ಎರಡೂ ಒಟ್ಟಿಗೆ ಇರ್ಲಿಕ್ಕಿಲ್ವಾ?" ಎಂದು ಸೀಟನ್ನು ಹಿಂದಕ್ಕೆ ಬಾಗಿಸಿದಳು. "ಇದನ್ನು ನೀವು ಇವತ್ತೇ ಬರೀಬೇಡಿ. ನಾನು ನಾಲ್ಕು ಜನರ ಹತ್ರ ಹೇಳಿ ಮುಗಿಸ್ತೇನೆ, ಮತ್ತೆ ಬರೀರಿ. ಇಲ್ಲದಿದ್ರೆ ಇಲ್ಲ, ಮೀನು ಇಷ್ಟೇ ಇತ್ತು ಅಂತ ನಡುವೆ ಬಾಯಿ ಹಾಕ್ತೀರಿ."

ಹೆದ್ದಾರಿಗೆ ಸೇರುವ ಮುಂಚೆಯೇ ಅವಳು ಅಕ್ಕನಿಗೆ ಫೋನು ಹಚ್ಚಿದಳು. ಅಕ್ಕ ಉಡುಪಿಯಲ್ಲಿದ್ದಾರೆ. ಮಾತೆಲ್ಲ ತುಳುವಿನಲ್ಲಿ. ನನಗೆ ತುಳು ಅರ್ಧ ಅರ್ಥವಾಗುತ್ತದೆ, ಅದರಲ್ಲೂ ಮೀನಿನ ಹೆಸರುಗಳು ಬೇಗ. ಬೂದಿ ಬಣ್ಣ ಆಗಲೇ ಮಾಯವಾಗಿತ್ತು. ಹೆಬ್ಬೆರಳಿನಷ್ಟಿದ್ದ ಮೀನು ಅಂಗೈಯಷ್ಟಾಗಿತ್ತು. ಅದು ಓಡಿಸಿಕೊಂಡು ಬಂದದ್ದನ್ನು ಹೇಳುವಾಗ ಅಕ್ಕ ಆ ಕಡೆಯಿಂದ ನಗುವುದು ನನಗೂ ಕೇಳಿಸಿತು. ಎದುರು ಬಿಸಿಲು ರಸ್ತೆಯ ಮೇಲೆ ನೀರಿನಂತೆ ನಿಂತಿತ್ತು, ಕಣ್ಣು ಎಳೆಯುತ್ತಿತ್ತು. ನಾನು ಲಾರಿಗಳು ಹೋಗುವ ನಿಧಾನದ ಸಾಲಿಗೆ ಕಾರು ತಂದೆ.

ತುಳುವಿನಲ್ಲಿ ನಾನು ನೋಡಿದೆ ಎನ್ನಲು 'ತೂಯೆ', ನಾವು ನೋಡಿದೆವು ಎನ್ನಲು 'ತೂಯ'. ಕೊನೆಯ ಒಂದು ಸ್ವರದ ವ್ಯತ್ಯಾಸ. ಹೆಂಡತಿಯ ಮನೆಗೆ ಹೊಸದಾಗಿ ಹೋದಾಗ ಅದನ್ನು ತಪ್ಪಾಗಿ ಹೇಳಿ ಎಲ್ಲರ ನಗೆಗೆ ಗುರಿಯಾಗಿದ್ದೇನೆ, ಅದರಿಂದ ಅಷ್ಟು ಮಾತ್ರ ನನಗೆ ಗಟ್ಟಿಯಾಗಿ ಗೊತ್ತು. ಅವಳು ಅಕ್ಕನಿಗೆ ಹೇಳುತ್ತಿದ್ದಳು: ಹಮೂರ್ ತೂಯ. ಹವಳ ತೂಯ. ಎಂಕುಲು ಇರುವೆರ್‌ಲಾ ತೂಯ. ನಾವಿಬ್ಬರೂ ನೋಡಿದೆವು.

ಅಕ್ಕ ಏನೋ ಕೇಳಿದರು. ಅವಳು ಫೋನನ್ನು ನನ್ನ ಕಡೆ ಹಿಡಿದಳು. "ನೀವು ಎಂತ ಹೇಳ್ತೀರಿ ಅಂತ ಕೇಳ್ತಿದ್ದಾಳೆ. ಮೀನು ಅಷ್ಟು ದೊಡ್ಡದಿತ್ತಾ ಅಂತ."

ಲಾರಿಯೊಂದು ಪಕ್ಕದಲ್ಲಿ ಹಾದುಹೋಗುವವರೆಗೆ ಕಾದು, ಹೌದು, ಸುಮಾರು ದೊಡ್ಡದೇ, ಎಂದೆ.